ಬೀಡು, ಪಾಳೆಯ, ಬ್ಯಾರಕ್: ಬಳ್ಳಾರಿ ಸೀಮೆಯ ಸೈನಿಕ ವಸತಿಗಳು

ಕಾಳಗಗಳ ಇತಿಹಾಸವನ್ನು ಬರೆದವರು ಬಹುಮಂದಿ. ಕಾಳಗವಿಲ್ಲದ ದಿನಗಳಲ್ಲಿ ಸೈನಿಕನು ಎಲ್ಲಿ ಮಲಗುತ್ತಿದ್ದನು, ಅವನ ಒಲೆ ಎಲ್ಲಿ ಉರಿಯುತ್ತಿತ್ತು, ಅವನ ಹೆಂಡಿರು ಮಕ್ಕಳು ಯಾರ ಆಶ್ರಯದಲ್ಲಿದ್ದರು ಎಂಬುದನ್ನು ವಿಚಾರಿಸಿದವರು ವಿರಳ. ಆದರೆ ಸೈನಿಕನು ವರ್ಷದಲ್ಲಿ ಕೆಲವೇ ದಿನ ಕಾದುವನು. ಉಳಿದ ದಿನಗಳೆಲ್ಲವನ್ನೂ ಅವನು ವಸತಿಯಲ್ಲಿಯೇ ಕಳೆಯುವನು. ಆದುದರಿಂದ ವಸತಿಯ ಇತಿಹಾಸವು ಸೈನಿಕನ ಬಾಳಿನ ಇತಿಹಾಸವೇ ಆಗಿದೆ. ತುಂಗಭದ್ರೆಯ ದಡದ ಹಲವಾಗಲು ಮೊದಲಾದ ಗ್ರಾಮಗಳನ್ನೊಳಗೊಂಡ ಹರಪನಹಳ್ಳಿ ಸೀಮೆಯನ್ನೂ ಅದರ ಸುತ್ತಣ ಪ್ರದೇಶವನ್ನೂ ಮುಂದಿಟ್ಟುಕೊಂಡು ಈ ವಿಷಯವನ್ನು ಪ್ರಕೃತ ಲೇಖನದಲ್ಲಿ ಪರಿಶೀಲಿಸುತ್ತೇವೆ.

ಮೊದಲು ಶಬ್ದಗಳನ್ನು ನೋಡೋಣ. ನಮ್ಮ ಶಾಸನಗಳಲ್ಲಿ ‘ಬೀಡು’, ‘ನೆಲೆವೀಡು’ ಎಂಬ ಮಾತುಗಳು ಪದೇ ಪದೇ ಬರುತ್ತವೆ. ದಂಡು ಇಳಿದ ತಾಣವೇ ಬೀಡು. ಅರಸನು ನೆಲೆಯಾಗಿ ನಿಂತರೆ ಅದೇ ನೆಲೆವೀಡು, ಎಂದರೆ ರಾಜಧಾನಿ. ದಂಡಿನ ತಾಣಕ್ಕೂ ರಾಜಧಾನಿಗೂ ಒಂದೇ ಮೂಲಶಬ್ದವಿರುವುದು ಗಮನಾರ್ಹವಾಗಿದೆ. ಅಂತೆಯೇ ‘ಪಾಳೆಯ’ ಎಂಬ ಶಿಬಿರವಾಚಕದಿಂದ ‘ಪಾಳೆಯಗಾರ’ ಎಂಬ ಅಧಿಕಾರವಾಚಕವು ಹುಟ್ಟಿತು. ‘ಬ್ಯಾರಕ್’ ಎಂಬುದಾದರೋ ಯೂರೋಪಿನಿಂದ ಬಂದ ಮಾತು. ಅದರ ಮೊದಲ ಅರ್ಥವು ಗುಡಿಸಲು ಎಂದಷ್ಟೇ. ಈ ಶಬ್ದಗಳು ಒಂದಾದಮೇಲೊಂದರಂತೆ ಬಳಕೆಗೆ ಬಂದ ಕ್ರಮದಲ್ಲಿಯೇ ನಮ್ಮ ವಿಷಯದ ಇತಿಹಾಸವು ಅಡಗಿದೆ.

ವಿಜಯನಗರದ ಕಾಲದ ಶಿಬಿರದ ಚಿತ್ರವು ಪೋರ್ಚುಗೀಸ್ ವರ್ತಕನಾದ ನೂನಿಜನ ಬರಹದಲ್ಲಿ ದೊರೆಯುತ್ತದೆ. ಕೃಷ್ಣದೇವರಾಯನು 1520ರಲ್ಲಿ ರಾಯಚೂರಿನ ಮೇಲೆ ದಂಡೆತ್ತಿ ಹೋದಾಗ ರಾಯನ ಗುಡಾರದ ಸುತ್ತ ಮುಳ್ಳಿನ ಬೇಲಿಯಿತ್ತೆಂದೂ, ಅದಕ್ಕೆ ಒಂದೇ ಬಾಗಿಲಿತ್ತೆಂದೂ, ಬೇಲಿಯ ಹೊರಗೆ ಕಾವಲಿನವರು ಗೊತ್ತಾದ ಸ್ಥಳಗಳಲ್ಲಿ ರಾತ್ರಿಯೆಲ್ಲ ಎಚ್ಚರವಿದ್ದರೆಂದೂ, ಅವರಿಂದಾಚೆಗೆ ನಾಯಕರು ತಮತಮಗೆ ನೇಮಿಸಿದ ತಾಣಗಳಲ್ಲಿ ಇಳಿದಿದ್ದರೆಂದೂ ಅವನು ಹೇಳುತ್ತಾನೆ. ಪ್ರತಿಯೊಬ್ಬ ನಾಯಕನ ಪಾಳೆಯಕ್ಕೂ ಬೇರೆ ಬೇರೆ ಸಂತೆಯಿತ್ತಂತೆ. ಶಿಬಿರವು ಚಲಿಸುವ ಪಟ್ಟಣವೇ ಆಗಿತ್ತೆಂಬುದು ಇದರಿಂದ ಸ್ಪಷ್ಟ.

ರಾಜಧಾನಿಯೊಳಗೆ ಸೈನಿಕರ ನೆಲೆಯ ಕುರುಹುಗಳು ಇವೆಯೇ? ಹಂಪೆಯ ಆನೆಲಾಯದ ಬಳಿಯಲ್ಲಿ ಎತ್ತರದ ಜಗಲಿಯೂ ಕಮಾನುಗಳೂ ಉಳ್ಳ ಕಟ್ಟಡವೊಂದನ್ನು ‘ಕಾವಲುಗಾರರ ವಸತಿ’ ಎಂದು ತೋರಿಸುವ ವಾಡಿಕೆಯಿದೆ. ಇದು ಆಧುನಿಕರು ಕೊಟ್ಟ ಹೆಸರು. ಕಟ್ಟಡದ ವೈಭವವನ್ನು ನೋಡಿದರೆ ಸಾಮಾನ್ಯ ಕಾವಲುಗಾರನಿಗೆ ಇಂತಹ ಮನೆಯಿತ್ತೆಂದು ಒಪ್ಪುವುದು ಕಷ್ಟ. ಇದಕ್ಕಿಂತ ದೃಢವಾದ ಸಾಕ್ಷ್ಯವು ಅಹಮದ್ ಖಾನನ ಕಟ್ಟಡದಲ್ಲಿದೆ. ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಈ ಯೋಧನು 1439ರಲ್ಲಿ ಮಸೀದಿಯೊಂದನ್ನು ಕಟ್ಟಿಸಿದನು. ಅಲ್ಲಿಯ ಕನ್ನಡ ಶಾಸನವು ಅದನ್ನು ‘ಧರ್ಮಸಾಲೆ’ ಎಂದು ಕರೆಯುತ್ತದೆ. ಬಳಿಯಲ್ಲಿ ಗೋರಿಗಳೂ ಇವೆ. ಸೈನಿಕರು ರಾಜಧಾನಿಯಲ್ಲಿ ತಾತ್ಕಾಲಿಕವಾಗಿ ತಂಗದೆ, ಪ್ರಾರ್ಥನೆಗೂ ಮಣ್ಣಿಗೂ ಅಲ್ಲಿಯೇ ಸ್ಥಳ ಮಾಡಿಕೊಂಡಿದ್ದರೆಂದು ಇದರಿಂದ ತಿಳಿಯುತ್ತದೆ.

1565ರ ತರುವಾಯ ಈ ಸೀಮೆಯಲ್ಲಿ ಪಾಳೆಯಗಾರರು ತಲೆಯೆತ್ತಿದರು. ಹರಪನಹಳ್ಳಿಯ ನಾಯಕರು ಅವರಲ್ಲಿ ಪ್ರಬಲರು. ಇಂತಹ ಸಂಸ್ಥಾನಗಳಲ್ಲಿ ‘ಕಟ್ಟುಬಡಿ’ ಎಂಬ ಪದ್ಧತಿ ಬಳಕೆಯಲ್ಲಿತ್ತು. ಕಡಮೆ ಗೇಣಿಗೆ ಹೊಲವನ್ನು ಪಡೆದವನು ಕರೆ ಬಂದಾಗ ಆಯುಧ ಹಿಡಿದು ಬರಬೇಕು. ಉಳಿದ ಕಾಲದಲ್ಲಿ ಆತನು ಒಕ್ಕಲಿಗನೇ. ಅವನಿಗೆ ಬೇರೆಯಾದ ಸೈನಿಕ ವಸತಿ ಏತಕ್ಕೆ? ಅವನ ಮನೆಯೇ ಅವನ ಠಾಣೆ. ಊರ ನಡುವಣ ಹುಡೇವು ಕಾವಲಿಗೂ ಆಪತ್ಕಾಲದ ಆಶ್ರಯಕ್ಕೂ ಸಾಕಾಗುತ್ತಿತ್ತು. ಕೋಟೆಯೊಳಗಣ ಕಾವಲುಗಾರನೂ ಸಂಸಾರಿಯೇ ಆಗಿದ್ದನು. ಚಿತ್ರದುರ್ಗದ ಓಬವ್ವನ ಕಥೆಯನ್ನು ಶೌರ್ಯದ ನಿದರ್ಶನವೆಂದು ಎಲ್ಲರೂ ಹೇಳುವರು. ವಸತಿಯ ದೃಷ್ಟಿಯಿಂದಲೂ ಅದು ಬೆಲೆಯುಳ್ಳದ್ದು. ಕಾವಲಿನವನು ಉಣ್ಣಲು ಮನೆಗೆ ಬಂದನು, ಹೆಂಡತಿ ನೀರು ತರಲು ಹೋದಳು, ಕೈಗೆ ಸಿಕ್ಕಿದ್ದು ಒನಕೆ ಎಂಬ ವಿವರಗಳೆಲ್ಲವೂ ಕೋಟೆಯ ಗೋಡೆಗೆ ಹತ್ತಿದಂತೆಯೇ ಅಡುಗೆಮನೆಯಿತ್ತೆಂಬ ನೆನಪನ್ನು ಉಳಿಸಿಕೊಂಡಿವೆ.

ಈ ವ್ಯವಸ್ಥೆಯನ್ನು ಮುರಿದುದು 1800ನೆಯ ಇಸವಿ. ಆ ವರ್ಷದ ಅಕ್ಟೋಬರಿನಲ್ಲಿ ನಿಜಾಮನು ಬಳ್ಳಾರಿ, ಕಡಪ ಮೊದಲಾದ ಪ್ರಾಂತಗಳನ್ನು ಕಂಪನಿಗೆ ಬಿಟ್ಟುಕೊಟ್ಟನು. ತನ್ನ ರಾಜ್ಯದಲ್ಲಿ ನೆಲೆಗೊಂಡ ಕಂಪನಿಯ ಸೈನ್ಯದ ವೆಚ್ಚಕ್ಕಾಗಿ ಈ ನೆಲವನ್ನು ಕೊಡಲಾಯಿತು. ಆದುದರಿಂದಲೇ ಇವು ‘ದತ್ತ ಮಂಡಲ’ಗಳೆನಿಸಿದವು. ಸೈನಿಕರ ಸಂಬಳಕ್ಕೂ ವಸತಿಗೂ ಒಂದು ನಾಡೇ ಒತ್ತೆಯಾಯಿತೆಂದರೆ ಅತಿಶಯೋಕ್ತಿಯಾಗಲಾರದು. ಪ್ರಧಾನ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ 1807ರ ವರೆಗೆ ಇಲ್ಲಿದ್ದು ಪಾಳೆಯಗಾರರ ಸೈನ್ಯಬಲವನ್ನು ಅಡಗಿಸಿದನು. ಊರಿನ ಸೈನಿಕನು ಬರಿಯ ರೈತನಾದನು; ಸರ್ಕಾರದ ಸೈನಿಕನು ಊರಿಗೆ ಹೊರಗಿನವನಾದನು.

ಬಳ್ಳಾರಿಯ ಗುಡ್ಡದ ಮೇಲಣ ಕೋಟೆಯನ್ನು ಹನುಮಪ್ಪ ನಾಯಕನು ಕಟ್ಟಿಸಿದ್ದನು. ಕೆಳಗಿನ ಕೋಟೆ ಹೈದರಾಲಿಯ ಕಾಲದ್ದು. ಕಂಪನಿಯ ದಂಡಾದರೋ ಕೋಟೆಯ ಹೊರಗೆ, ಬಯಲಿನಲ್ಲಿ ವಿಸ್ತರಿಸಿತು. ಅದರ ಮಗ್ಗುಲಲ್ಲಿ ಬೆಳೆದ ಬಡಾವಣೆಗೆ ಕೌಲ್ ಬಜಾರ್ ಎಂಬ ಹೆಸರು ಇಂದಿಗೂ ಉಳಿದಿದೆ. ಕೌಲು ಎಂದರೆ ರಿಯಾಯತಿಯ ಕರಾರುಪತ್ರ. ವಿಜಯನಗರದ ಶಿಬಿರಕ್ಕೆ ಸಂತೆ ಹೇಗೋ ಹಾಗೆಯೇ ಕಂಪನಿಯ ದಂಡಿಗೂ ಬಜಾರು ಅನಿವಾರ್ಯವಾಗಿತ್ತು. ಬೆಂಗಳೂರಿನಲ್ಲಿ 1809ರಲ್ಲಿ ದಂಡು ಸ್ಥಾಪಿತವಾದುದೂ ವಸತಿಯ ಕಾರಣದಿಂದಲೇ. ಶ್ರೀರಂಗಪಟ್ಟಣದ ಜ್ವರಪೀಡಿತ ಹವೆಯನ್ನು ತಾಳಲಾರದೆ ಸೈನ್ಯವು ಅಲ್ಲಿಗೆ ಬಂದಿತು.

ಈ ದಂಡುಗಳೊಳಗೆ ಎರಡು ಬಗೆಯ ವಸತಿಗಳಿದ್ದವು. ಗೋರಾ ಸಿಪಾಯಿಗಳಿಗೆ ಸರ್ಕಾರವೇ ಬ್ಯಾರಕ್ಕುಗಳನ್ನು ಕಟ್ಟಿಸಿಕೊಟ್ಟಿತು. ದೇಶೀಯ ಸಿಪಾಯಿಗಳು ಗುಡಿಸಲಿಗೆಂದು ಕೊಟ್ಟ ಅಲ್ಪ ಭತ್ಯದಿಂದ ತಾವೇ ಮಣ್ಣು ಹುಲ್ಲುಗಳ ಮನೆಗಳನ್ನು ಸಾಲಾಗಿ ಕಟ್ಟಿಕೊಳ್ಳಬೇಕಾಗಿತ್ತು. ಈ ಸಾಲುಗಳೇ ‘ಲೈನು’ಗಳು. ಮದರಾಸು ಸೈನ್ಯದವರು ಸಂಸಾರ ಸಮೇತರಾಗಿ ಲೈನುಗಳಲ್ಲಿರುವುದು ರೂಢಿಯಾಗಿತ್ತು. ಬ್ಯಾರಕ್ಕು ಗಟ್ಟಿಯಾಗಿದ್ದರೂ ಆರೋಗ್ಯಕರವಾಗಿರಲಿಲ್ಲ. ಭಾರತದ ಸೈನ್ಯದ ಆರೋಗ್ಯಸ್ಥಿತಿಯನ್ನು ವಿಚಾರಿಸಿದ ರಾಯಲ್ ಕಮಿಷನ್ 1863ರಲ್ಲಿ ವರದಿಯೊಪ್ಪಿಸಿ, ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರೆಂದು ತಿಳಿಸಿತು. ಕಾಳಗಕ್ಕಿಂತ ಕೆಟ್ಟ ನೀರು, ಕೊಳೆತ ಚರಂಡಿ, ಇಕ್ಕಟ್ಟಾದ ಕೊಠಡಿಗಳೇ ಹೆಚ್ಚು ಮಂದಿಯನ್ನು ಕೊಂದವು. ಫ್ಲಾರೆನ್ಸ್ ನೈಟಿಂಗೇಲಳು ಈ ಸಂಬಂಧವಾಗಿ ತನ್ನ ಅಭಿಪ್ರಾಯಗಳನ್ನು ಬರೆದು, ವಸತಿಯ ಸುಧಾರಣೆಗಾಗಿ ಬಹುಕಾಲ ಶ್ರಮಿಸಿದಳು. 1864ರಲ್ಲಿ ದಂಡುಪ್ರದೇಶಗಳ ಆಡಳಿತಕ್ಕೆ ಕಾಯಿದೆಯಾಯಿತು. ಆದರೆ ಸುಧಾರಣೆಯ ಫಲವು ಮೊದಲು ಮುಟ್ಟಿದುದು ಬ್ಯಾರಕ್ಕುಗಳಿಗೆ. ಲೈನುಗಳ ಸರದಿ ಬಹಳ ತಡವಾಗಿ ಬಂದಿತು.

ದಂಡು ಕುಗ್ಗಿದ ಮೇಲೂ ಆ ಪ್ರದೇಶವು ಸುಮ್ಮನಿರಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ ಬಳ್ಳಾರಿಯು ತುರ್ಕಿ ಯುದ್ಧಕೈದಿಗಳ ಶಿಬಿರವಾಯಿತು. 1917ರಲ್ಲಿ ಅಂತರರಾಷ್ಟ್ರೀಯ ರೆಡ್‌ಕ್ರಾಸಿನ ಪ್ರತಿನಿಧಿಗಳು ಅದನ್ನು ಪರೀಕ್ಷಿಸಿದರು. 1930ರ ದಶಕದಲ್ಲಿ ಬಳ್ಳಾರಿಯ ಅಲೀಪುರ ಸೆರೆಮನೆಯಲ್ಲಿ ಸತ್ಯಾಗ್ರಹಿಗಳಿದ್ದರು. ಸೈನಿಕನನ್ನು ಜನರಿಂದ ಬೇರ್ಪಡಿಸಿ ಇಡುವುದಕ್ಕೆ ಬೇಕಾದ ಗೋಡೆ, ಸಾಲು, ಕಾವಲುಗಳೇ ಕೈದಿಯನ್ನು ಇಡುವುದಕ್ಕೂ ಬೇಕು. ಈ ಎರಡು ವಸತಿಗಳ ಸಾದೃಶ್ಯವು ಆಕಸ್ಮಿಕವಲ್ಲ. ಬಳ್ಳಾರಿಯು 1953ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. 1961ರಲ್ಲಿ ಅಲ್ಲಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಒಂದು ಕಾಲಕ್ಕೆ ದಂಡಿನದಾಗಿದ್ದ ಕಂಟೋನ್ಮೆಂಟ್ ಪ್ರದೇಶದಲ್ಲಿ ಇಂದು ರೋಗಿಗಳು ಚಿಕಿತ್ಸೆ ಪಡೆಯುತ್ತಾರೆ.

ಮೇಲಿನ ವಿವೇಚನೆಯಿಂದ ಒಂದು ಸಂಗತಿ ವಿಶದವಾಗುತ್ತದೆ. ಬೀಡಿನಲ್ಲಿ ಸೈನಿಕನು ಪಟ್ಟಣವನ್ನೇ ತನ್ನೊಡನೆ ಕೊಂಡೊಯ್ದನು. ಪಾಳೆಯಗಾರರ ಕಾಲದಲ್ಲಿ ಊರೊಳಗೇ ಉಳಿದನು. ಬ್ಯಾರಕ್ಕಿನಲ್ಲಿ ಊರಿನಿಂದ ಬೇರ್ಪಟ್ಟನು. ಈ ಬೇರ್ಪಡೆಯಿಂದ ಶಿಸ್ತು ಹೆಚ್ಚಿತು, ಊರಿನವರ ಮೇಲಣ ಸುಲಿಗೆ ತಗ್ಗಿತು ಎಂಬುದನ್ನು ಒಪ್ಪಲೇಬೇಕು. ಆದರೆ ಆಳುವವರ ಸೈನ್ಯವು ಆಳಿಸಿಕೊಳ್ಳುವವರಿಗೆ ಅಪರಿಚಿತವಾದುದೂ ಇದರಿಂದಲೇ.

ಇನ್ನೊಂದು ಮಾತು. ಕಲ್ಲಿನ ಕಟ್ಟಡ ಉಳಿಯುವುದು, ಮಣ್ಣಿನ ಮನೆ ಕರಗುವುದು. ಅರಸರ, ಗೋರಾ ಸೈನಿಕರ ವಸತಿಗಳು ಕಣ್ಣಿಗೆ ಬೀಳುತ್ತವೆ. ಕಟ್ಟುಬಡಿಯವನ ಮನೆಗೂ ಸಿಪಾಯಿಯ ಲೈನಿಗೂ ಉಳಿದಿರುವ ಸಾಕ್ಷಿಗಳೆಂದರೆ ಇನಾಮು ಕಾಗದಗಳು, ಹೊಲಗಳ ಹೆಸರುಗಳು, ಓಣಿಗಳ ಹೆಸರುಗಳು, ಕುಸಿಯುತ್ತಿರುವ ಹುಡೇವುಗಳು. ಹರಪನಹಳ್ಳಿ ತಾಲ್ಲೂಕು ಬಳ್ಳಾರಿಯಿಂದ ದಾವಣಗೆರೆಗೆ 1997ರಲ್ಲಿ ಹೋಗಿ, ಮರಳಿ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದೆ. ಜಿಲ್ಲೆ ಬದಲಾದಂತೆಲ್ಲ ಕಡತಗಳೂ ಸ್ಥಳ ಬದಲಾಯಿಸುವ ಸಂಭವವಿರುತ್ತದೆ. ಹಲವಾಗಲಿನಂತಹ ಗ್ರಾಮಗಳಲ್ಲಿ ಹಿರಿಯರ ಬಾಯಲ್ಲಿರುವ ಸ್ಥಳನಾಮಗಳನ್ನು ಊರೂರಿಗೆ ಹೋಗಿ ಬರೆದುಕೊಳ್ಳುವ ಕೆಲಸವನ್ನು ನಮ್ಮ ವಿದ್ಯಾರ್ಥಿಗಳು ತಡಮಾಡದೆ ಕೈಕೊಳ್ಳಬೇಕು. ಹಾಗೆ ಮಾಡದಿದ್ದರೆ ಸೈನ್ಯದ ಇತಿಹಾಸದಲ್ಲಿ ದಣಿಗಳ ಮನೆಗಳಷ್ಟೇ ಉಳಿದು, ಸೈನಿಕನ ಮನೆ ಇರಲೇ ಇಲ್ಲವೆಂಬಂತಾದೀತು.