ಗಿನಿಪಿಗ್‌ಗಳಲ್ಲಿ ಶ್ವಾಸಕೋಶದ ಸೋಂಕು: ಚಿಕಿತ್ಸೆ ಮತ್ತು ಆರೈಕೆ

ದಕ್ಷಿಣ ಅಮೆರಿಕಾದ ಆಂಡೀಸ್ ಪರ್ವತ ಪ್ರದೇಶವು ಗಿನಿಪಿಗ್‌ಗಳ ಮೂಲ ನೆಲೆ. ಸಾಧು ಸ್ವಭಾವದ ಈ ಸಣ್ಣ ಸಸ್ಯಾಹಾರಿ ಪ್ರಾಣಿಯನ್ನು ನಮ್ಮ ರಾಜ್ಯದ ನಗರ ಪ್ರದೇಶಗಳಲ್ಲಿಯೂ ಮುದ್ದಿನ ಪ್ರಾಣಿಯಾಗಿ ಸಾಕಲಾಗುತ್ತಿದೆ. ಉತ್ತಮ ಆರೈಕೆಯಲ್ಲಿ ಇವು ಸಾಮಾನ್ಯವಾಗಿ 5 ರಿಂದ 7 ವರ್ಷ ಬದುಕುತ್ತವೆ. ಇವುಗಳ ಅಕಾಲಿಕ ಸಾವಿಗೆ ಪ್ರಮುಖ ಕಾರಣಗಳಲ್ಲಿ ಶ್ವಾಸಕೋಶದ ಸೋಂಕು ಒಂದು. ರೋಗಾಣುವಿನಷ್ಟೇ, ಮೇವು ಬಿಡುವುದು ಹಾಗೂ ತಪ್ಪು ಔಷಧಿಯ ಬಳಕೆ ಸಹ ಪ್ರಾಣಾಪಾಯ ತರುವುದರಿಂದ ಸಾಕುವವರು ಈ ಮುಂದಿನ ವಿಷಯಗಳನ್ನು ಅರಿತಿರುವುದು ಅಗತ್ಯ.

ರೋಗಕ್ಕೆ ಕಾರಣಗಳು

ಬೋರ್ಡೆಟೆಲ್ಲಾ ಬ್ರಾಂಕಿಸೆಪ್ಟಿಕಾ ಮತ್ತು ಸ್ಟ್ರೆಪ್ಟೋಕಾಕಸ್ ನ್ಯುಮೋನಿಯೆ ಎಂಬ ಬ್ಯಾಕ್ಟೀರಿಯಾಗಳು ಈ ರೋಗದ ಮುಖ್ಯ ಕಾರಣಗಳಾಗಿವೆ. ರೋಗಗ್ರಸ್ತ ಪ್ರಾಣಿಯ ಸೀನಿನಿಂದ ಹೊರಬೀಳುವ ಹನಿಗಳು, ಕಲುಷಿತ ಪಾತ್ರೆ ಹಾಗೂ ಆರೈಕೆ ಮಾಡುವವರ ಕೈಗಳ ಮೂಲಕ ಸೋಂಕು ಹರಡುತ್ತದೆ. ನಾಯಿ ಮತ್ತು ಮೊಲಗಳು ಯಾವುದೇ ಲಕ್ಷಣ ತೋರದೆ ಬೋರ್ಡೆಟೆಲ್ಲಾ ರೋಗಾಣುವನ್ನು ಹೊತ್ತಿರಬಹುದು. ಆದ್ದರಿಂದ ಮೊಲ ಮತ್ತು ಗಿನಿಪಿಗ್‌ಗಳನ್ನು ಒಂದೇ ಗೂಡಿನಲ್ಲಿ ಸಾಕಬಾರದು.

ಇಕ್ಕಟ್ಟಾದ ಗೂಡು, ಥಂಡಿ ಗಾಳಿ, ಹವಾಮಾನದ ಹಠಾತ್ ಬದಲಾವಣೆ, ದೂರದ ಪ್ರಯಾಣ, ಮೂತ್ರದಿಂದ ಉಂಟಾಗುವ ಅಮೋನಿಯಾ ವಾಸನೆ ಹಾಗೂ 'ಸಿ' ಜೀವಸತ್ವದ ಕೊರತೆ ರೋಗಕ್ಕೆ ಎಡೆಮಾಡಿಕೊಡುತ್ತವೆ. ಮನುಷ್ಯರಂತೆಯೇ ಗಿನಿಪಿಗ್‌ಗಳ ದೇಹವೂ 'ಸಿ' ಜೀವಸತ್ವವನ್ನು ತಾನಾಗಿ ತಯಾರಿಸಿಕೊಳ್ಳಲಾರದು. ಅದು ಪ್ರತಿದಿನ ಆಹಾರದಿಂದಲೇ ದೊರೆಯಬೇಕು.

ರೋಗಲಕ್ಷಣಗಳು

• ಪದೇ ಪದೇ ಸೀನುವುದು, ಮೂಗು ಮತ್ತು ಕಣ್ಣುಗಳಿಂದ ನೀರು ಅಥವಾ ಕೀವು ಸುರಿಯುವುದು
• ಉಸಿರಾಡುವಾಗ ಗೊರಗೊರ ಶಬ್ದ, ಪಕ್ಕೆಗಳು ವೇಗವಾಗಿ ಏರಿಳಿಯುವುದು
• ಮೈಕೂದಲು ನಿಮಿರಿ, ಮೂಲೆಯಲ್ಲಿ ಮುದುಡಿ ಕುಳಿತುಕೊಳ್ಳುವುದು
• ಮೇವು ತಿನ್ನದಿರುವುದು, ಹಿಕ್ಕೆ ಕಡಿಮೆಯಾಗುವುದು, ತೂಕ ಇಳಿಯುವುದು

ಬೇಟೆಗೆ ಗುರಿಯಾಗುವ ಪ್ರಾಣಿಯಾದ ಕಾರಣ ಗಿನಿಪಿಗ್ ತನ್ನ ಅನಾರೋಗ್ಯವನ್ನು ಬಹುಕಾಲ ತೋರಗೊಡುವುದಿಲ್ಲ. ಲಕ್ಷಣಗಳು ಕಾಣಿಸುವ ಹೊತ್ತಿಗೆ ರೋಗವು ಸಾಕಷ್ಟು ಮುಂದುವರಿದಿರಬಹುದು. ಇವು ಮೂಗಿನಿಂದಲೇ ಉಸಿರಾಡುವ ಪ್ರಾಣಿಗಳಾಗಿದ್ದು, ಬಾಯಿ ತೆರೆದು ಉಸಿರಾಡುತ್ತಿದ್ದಲ್ಲಿ ಅದನ್ನು ತುರ್ತು ಪರಿಸ್ಥಿತಿ ಎಂದು ಪರಿಗಣಿಸಿ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಚಿಕಿತ್ಸೆ

ಲಕ್ಷಣಗಳು ಕಂಡ ದಿನವೇ ಪಶುವೈದ್ಯರಲ್ಲಿ ತೋರಿಸತಕ್ಕದ್ದು. ವೈದ್ಯರು ಎದೆಯ ಶಬ್ದ ಆಲಿಸಿ, ಅಗತ್ಯವಿದ್ದಲ್ಲಿ ಕ್ಷ-ಕಿರಣ ಹಾಗೂ ಮೂಗಿನ ಸ್ರಾವದ ಪರೀಕ್ಷೆ ನಡೆಸಿ ಸೂಕ್ತ ಪ್ರತಿಜೀವಕವನ್ನು ನಿರ್ಧರಿಸುತ್ತಾರೆ.

ಎಚ್ಚರಿಕೆ: ಮನೆಯಲ್ಲಿ ಉಳಿದಿರುವ ಮಾತ್ರೆ ಅಥವಾ ಮಕ್ಕಳ ಸಿರಪ್‌ಗಳನ್ನು ಯಾವ ಕಾರಣಕ್ಕೂ ನೀಡಬಾರದು. ಪೆನಿಸಿಲಿನ್, ಆಂಪಿಸಿಲಿನ್, ಅಮಾಕ್ಸಿಸಿಲಿನ್, ಕ್ಲಿಂಡಾಮೈಸಿನ್, ಲಿಂಕೋಮೈಸಿನ್ ಮತ್ತು ಎರಿಥ್ರೋಮೈಸಿನ್ ಗಿನಿಪಿಗ್‌ಗಳಿಗೆ ಮಾರಕವಾಗಬಲ್ಲವು. ಇವು ಮೇವು ಜೀರ್ಣಿಸಲು ನೆರವಾಗುವ ಕರುಳಿನ ಉಪಯುಕ್ತ ಸೂಕ್ಷ್ಮಾಣುಗಳನ್ನು ನಾಶಪಡಿಸುತ್ತವೆ. ಆಗ ವಿಷಕಾರಿ ಕ್ಲಾಸ್ಟ್ರಿಡಿಯಂ ಬ್ಯಾಕ್ಟೀರಿಯಾಗಳು ವೃದ್ಧಿಸಿ, ಭೇದಿಯುಂಟಾಗಿ ಪ್ರಾಣಿಯು ಕೆಲವೇ ದಿನಗಳಲ್ಲಿ ಸಾಯಬಹುದು. ಮಗುವಿನ ಕೆಮ್ಮಿಗೆಂದು ತಂದ ಔಷಧಿಯೇ ಈ ಪ್ರಾಣಿಗೆ ವಿಷವಾಗುತ್ತದೆ ಎಂಬುದನ್ನು ಮನೆಯ ಎಲ್ಲರೂ ತಿಳಿದಿರಬೇಕು.

ಎನ್ರೋಫ್ಲಾಕ್ಸಾಸಿನ್, ಡಾಕ್ಸಿಸೈಕ್ಲಿನ್ ಹಾಗೂ ಟ್ರೈಮೆಥೊಪ್ರಿಂ-ಸಲ್ಫಾ ಔಷಧಿಗಳನ್ನು ವೈದ್ಯರು ಪ್ರಾಣಿಯ ವಯಸ್ಸು ಮತ್ತು ತೂಕಕ್ಕೆ ಅನುಗುಣವಾಗಿ ಬಳಸುತ್ತಾರೆ. ಚೇತರಿಕೆ ಕಂಡಿತೆಂದು ಔಷಧಿಯನ್ನು ಮಧ್ಯದಲ್ಲಿ ನಿಲ್ಲಿಸದೆ, ಸೂಚಿಸಿದಷ್ಟು ದಿನ ಪೂರ್ಣವಾಗಿ ನೀಡಬೇಕು. ಚಿಕಿತ್ಸೆಯ ಅವಧಿಯಲ್ಲಿ ಭೇದಿ ಕಾಣಿಸಿದಲ್ಲಿ ತಕ್ಷಣ ವೈದ್ಯರಿಗೆ ತಿಳಿಸಬೇಕು.

ಮನೆಯಲ್ಲಿ ಆರೈಕೆ

1. ಆಹಾರ: ಗಿನಿಪಿಗ್‌ನ ಕರುಳು ಸದಾ ಕೆಲಸ ಮಾಡುತ್ತಿರಬೇಕು. ಒಂದು ದಿನ ಮೇವು ಬಿಟ್ಟರೂ ಕರುಳಿನ ಚಲನೆ ನಿಂತು ಜೀವಕ್ಕೆ ಅಪಾಯವಾಗಬಹುದು. ಒಣಹುಲ್ಲು, ಗರಿಕೆ, ಕೊತ್ತಂಬರಿ ಸೊಪ್ಪುಗಳನ್ನು ಬಾಯಿಗೆ ಎಟಕುವಂತೆ ಇಡಬೇಕು. ತಾನಾಗಿ ತಿನ್ನದಿದ್ದಲ್ಲಿ, ಅದರ ಪೆಲೆಟ್ ಆಹಾರವನ್ನು ನೀರಿನಲ್ಲಿ ನೆನೆಸಿ ನುಣ್ಣಗೆ ಅರೆದು, ಸೂಜಿ ತೆಗೆದ ಸಿರಿಂಜಿನಿಂದ ದಿನಕ್ಕೆ ಹಲವು ಬಾರಿ ಉಣಿಸಬೇಕು. ಪ್ರಮಾಣವನ್ನು ವೈದ್ಯರಿಂದ ಕೇಳಿ ತಿಳಿದುಕೊಳ್ಳುವುದು ಸೂಕ್ತ.

2. ಉಣಿಸುವ ವಿಧಾನ: ಪ್ರಾಣಿಯನ್ನು ಸಹಜ ಭಂಗಿಯಲ್ಲಿ ಕೂರಿಸಿ, ಬಾಯಿಯ ಪಕ್ಕದಿಂದ ಸ್ವಲ್ಪ ಸ್ವಲ್ಪವೇ ಹಾಕಿ, ನುಂಗಿದ ನಂತರವೇ ಮುಂದಿನ ತುತ್ತನ್ನು ನೀಡಬೇಕು. ಅಂಗಾತ ಮಲಗಿಸಿ ಉಣಿಸಿದರೆ ಆಹಾರವು ಶ್ವಾಸಕೋಶಕ್ಕೆ ಸೇರುವ ಅಪಾಯವಿದೆ.

3. 'ಸಿ' ಜೀವಸತ್ವ: ಆರೋಗ್ಯವಂತ ಪ್ರಾಣಿಗೆ ಪ್ರತಿ ಕಿಲೋಗ್ರಾಂ ದೇಹತೂಕಕ್ಕೆ ದಿನಕ್ಕೆ 10 ರಿಂದ 30 ಮಿ.ಗ್ರಾಂ. ಬೇಕು. ರೋಗಕಾಲದಲ್ಲಿ ಇನ್ನೂ ಹೆಚ್ಚು ಬೇಕಾಗುವುದರಿಂದ ವೈದ್ಯರು ಸೂಚಿಸಿದ ಪ್ರಮಾಣದಲ್ಲಿ ಕೊಡಬೇಕು. ದೊಣ್ಣೆಮೆಣಸಿನಕಾಯಿ, ಸೀಬೆಹಣ್ಣಿನ ಸಣ್ಣ ಹೋಳು ಉತ್ತಮ ಮೂಲಗಳು. ಕುಡಿಯುವ ನೀರಿನಲ್ಲಿ ಬೆರೆಸಿದ 'ಸಿ' ಜೀವಸತ್ವವು ಬೇಗನೆ ಸತ್ವಹೀನವಾಗುವುದರಿಂದ ಅದನ್ನು ನೇರವಾಗಿ ಬಾಯಿಗೆ ನೀಡುವುದು ಲೇಸು.

4. ವಸತಿ: ಗೂಡನ್ನು ನೇರ ಗಾಳಿ ಬೀಸದ, ಆದರೆ ಗಾಳಿಯಾಡುವ ಸ್ಥಳದಲ್ಲಿರಿಸಿ, 18 ರಿಂದ 24 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇರುವಂತೆ ನೋಡಿಕೊಳ್ಳಬೇಕು. ಒದ್ದೆಯಾದ ಹಾಸನ್ನು ಪ್ರತಿದಿನ ಬದಲಿಸಬೇಕು. ಧೂಳಿನ ಮರದ ಹೊಟ್ಟು, ಊದುಬತ್ತಿ, ಸೊಳ್ಳೆಬತ್ತಿ ಹಾಗೂ ಅಡುಗೆಮನೆಯ ಹೊಗೆಯಿಂದ ದೂರವಿಡಬೇಕು. ಮನುಷ್ಯರ ನೆಗಡಿಯ ಮುಲಾಮುಗಳನ್ನು ಹಚ್ಚಬಾರದು.

5. ನಿಗಾ: ಮೂಗಿನ ಹೊಳ್ಳೆಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಮೃದುವಾಗಿ ಒರೆಸಬೇಕು. ಪ್ರತಿದಿನ ಒಂದೇ ಸಮಯದಲ್ಲಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ತೂಕವನ್ನು ಬರೆದಿಡಬೇಕು. ಕಣ್ಣಿಗೆ ಕಾಣದ ಕುಸಿತವನ್ನು ತಕ್ಕಡಿ ಮೊದಲು ತಿಳಿಸುತ್ತದೆ.

ಮುಂಜಾಗ್ರತಾ ಕ್ರಮಗಳು

• ರೋಗಪೀಡಿತ ಪ್ರಾಣಿಯನ್ನು ಪ್ರತ್ಯೇಕಿಸಿ, ಆರೋಗ್ಯವಂತ ಪ್ರಾಣಿಗಳನ್ನು ಮೊದಲು, ಇದನ್ನು ಕೊನೆಯಲ್ಲಿ ನೋಡಿಕೊಳ್ಳಬೇಕು.
• ಹೊಸದಾಗಿ ತಂದ ಪ್ರಾಣಿಯನ್ನು 2 ರಿಂದ 3 ವಾರ ಬೇರೆ ಇರಿಸಬೇಕು.
• ಮುಟ್ಟುವ ಮೊದಲು ಹಾಗೂ ನಂತರ ಕೈಗಳನ್ನು ಸೋಪಿನಿಂದ ತೊಳೆಯಬೇಕು. ಮಕ್ಕಳಿಗೂ ಈ ಅಭ್ಯಾಸ ಮಾಡಿಸಬೇಕು.
• ಗುಣಹೊಂದಿದ ಪ್ರಾಣಿಯೂ ರೋಗಾಣುವಾಹಕವಾಗಿ ಉಳಿಯಬಹುದಾದ್ದರಿಂದ ಜೊತೆ ಸೇರಿಸುವ ಮುನ್ನ ವೈದ್ಯರ ಸಲಹೆ ಪಡೆಯಬೇಕು.

ಆಸ್ಪತ್ರೆಗೆ ತೆರಳುವಾಗ ಪ್ರಾಣಿಯನ್ನು ಗಾಳಿಯಾಡುವ ಪೆಟ್ಟಿಗೆಯಲ್ಲಿ, ಸ್ವಲ್ಪ ಹುಲ್ಲಿನೊಂದಿಗೆ ಒಯ್ಯಬೇಕು. ತೂಕದ ವಿವರ ಹಾಗೂ ಈಗಾಗಲೇ ನೀಡಿರುವ ಔಷಧಿಗಳಿದ್ದಲ್ಲಿ ಅವುಗಳ ಹೆಸರನ್ನು ಮರೆಮಾಚದೆ ವೈದ್ಯರಿಗೆ ತಿಳಿಸಬೇಕು. ಸಕಾಲಿಕ ಚಿಕಿತ್ಸೆ, ಬಿಡದೆ ಉಣಿಸುವ ತಾಳ್ಮೆ ಹಾಗೂ ಸ್ವಚ್ಛ ಪರಿಸರ, ಈ ಮೂರೂ ಕೂಡಿದಲ್ಲಿ ಪ್ರಾಣಿಯು ಚೇತರಿಸಿಕೊಳ್ಳುವ ಸಾಧ್ಯತೆ ಹೆಚ್ಚುತ್ತದೆ.