ಆನ್‌ಲೈನ್ ಅರ್ಜಿಗಳಲ್ಲಿ ಶುಲ್ಕ ಪಾವತಿ ವ್ಯವಸ್ಥೆ: ಅರ್ಜಿದಾರರ ಮಾಹಿತಿಗಾಗಿ

ಅಂತರ್ಜಾಲದ ಮೂಲಕ ಅರ್ಜಿ ಸಲ್ಲಿಸುವವರು ನಿಗದಿತ ಶುಲ್ಕವನ್ನೂ ಅಲ್ಲಿಯೇ ಪಾವತಿಸಲು ಅವಕಾಶ ಕಲ್ಪಿಸಲಾಗಿರುತ್ತದೆ. ಖಾತೆಯಿಂದ ಹಣ ಕಡಿತವಾಗಿ ರಸೀದಿ ದೊರೆಯದಿದ್ದಾಗ ಗಾಬರಿಯಿಂದ ಎರಡನೆಯ ಬಾರಿ ಪಾವತಿಸುವವರುಂಟು. ಪಾವತಿಯ ಕ್ರಮವನ್ನು ತಿಳಿದಿದ್ದಲ್ಲಿ ಇದನ್ನು ತಪ್ಪಿಸಬಹುದು.

ಅರ್ಜಿ ಪೂರ್ಣಗೊಂಡಾಗ ಸರ್ವರ್ ಆ ಪಾವತಿಗೆಂದೇ ಒಂದು ಉಲ್ಲೇಖ ಸಂಖ್ಯೆಯನ್ನು ಸೃಜಿಸುತ್ತದೆ. ಕರ್ನಾಟಕದಲ್ಲಿ ಖಜಾನೆ-2 ತಂತ್ರಾಂಶದ ಮೂಲಕ ಜಮೆಯಾಗುವ ಶುಲ್ಕಗಳಿಗೆ ಚಲನ್ ಉಲ್ಲೇಖ ಸಂಖ್ಯೆಯೇ ಈ ಗುರುತು. ಈ ಸಂಖ್ಯೆ ಮತ್ತು ಮೊಬಲಗಿನೊಂದಿಗೆ ಗೂಢಲಿಪಿಯ ಮುದ್ರೆಯೊಂದನ್ನು ಸೇರಿಸಿ ಪಾವತಿ ಗೇಟ್‌ವೇಗೆ ಕಳುಹಿಸಲಾಗುತ್ತದೆ. ಮಾರ್ಗಮಧ್ಯೆ ರೂ. 500 ಅನ್ನು ರೂ. 5 ಎಂದು ತಿದ್ದಿದಲ್ಲಿ ಮುದ್ರೆ ತಾಳೆಯಾಗದೆ ಕೋರಿಕೆ ತಿರಸ್ಕೃತವಾಗುತ್ತದೆ.

ಹಣ ಸಂದಾಯವಾದ ವಿವರ ಎರಡು ಮಾರ್ಗಗಳಲ್ಲಿ ಹಿಂದಿರುಗುತ್ತದೆ. ಮೊದಲನೆಯದು ಅರ್ಜಿದಾರರ ಬ್ರೌಸರ್ ಅಥವಾ ಮೊಬೈಲ್ ಆ್ಯಪ್ ಮೂಲಕ. ಸಂಪರ್ಕ ಕಡಿತಗೊಂಡರೆ ಅಥವಾ ಪುಟವನ್ನು ಮುಚ್ಚಿದರೆ ಈ ಮಾರ್ಗ ಅಲ್ಲಿಗೇ ನಿಲ್ಲುತ್ತದೆ. ಎರಡನೆಯದು ಗೇಟ್‌ವೇಯಿಂದ ಸರ್ವರ್‌ಗೆ ನೇರವಾಗಿ ಬರುವ ದೃಢೀಕರಣ. ಇದು ಕೆಲವೊಮ್ಮೆ ತಡವಾಗಬಹುದು. ಸೇವೆಗೆ ಆಧಾರವಾಗಬೇಕಾದುದು ಎರಡನೆಯದೇ. ಆದುದರಿಂದ ಪರದೆ ಖಾಲಿಯಾದ ಮಾತ್ರಕ್ಕೆ ಪಾವತಿ ವಿಫಲವಾಯಿತೆಂದಾಗಲಿ, ಪರದೆಯ ಚಿತ್ರವೊಂದಿದ್ದರೆ ಅದೇ ರಸೀದಿಯೆಂದಾಗಲಿ ಭಾವಿಸತಕ್ಕದ್ದಲ್ಲ. ಒಂದೇ ಉಲ್ಲೇಖ ಸಂಖ್ಯೆಗೆ ದೃಢೀಕರಣ ಎರಡು ಸಲ ಬಂದರೂ ಒಂದೇ ಜಮೆ ದಾಖಲಾಗುವಂತೆ ತಂತ್ರಾಂಶವನ್ನು ರೂಪಿಸಲಾಗುತ್ತದೆ. ಆದರೆ ಹೊಸ ಸಂಖ್ಯೆಯಲ್ಲಿ ಪುನಃ ಪಾವತಿಸಿದರೆ ಅದು ಬೇರೆಯೇ ಜಮೆಯಾಗುತ್ತದೆ. ಖಜಾನೆಗೆ ಸೇರಿದ ಆ ಮೊತ್ತವನ್ನು ಹಿಂಪಡೆಯಲು ಸಂಬಂಧಪಟ್ಟ ಇಲಾಖೆಗೆ ಪ್ರತ್ಯೇಕ ಅರ್ಜಿ ಸಲ್ಲಿಸಬೇಕಾಗುತ್ತದೆ.

ರಸೀದಿ ಬಾರದಿದ್ದಲ್ಲಿ ಉಲ್ಲೇಖ ಸಂಖ್ಯೆಯಿಂದ ಪಾವತಿಯ ಸ್ಥಿತಿಯನ್ನು ಪರಿಶೀಲಿಸಿ, ‘ವಿಫಲ’ ಎಂದು ಖಚಿತವಾಗುವವರೆಗೆ ಕಾಯುವುದು ಸೂಕ್ತ. ಭಾರತೀಯ ರಿಸರ್ವ್ ಬ್ಯಾಂಕಿನ ದಿನಾಂಕ 20-09-2019ರ ಸುತ್ತೋಲೆಯ ಪ್ರಕಾರ, ಕಾರ್ಡ್ ಅಥವಾ ಯುಪಿಐ ಮೂಲಕ ಕಡಿತವಾದ ಹಣದ ದೃಢೀಕರಣ ಸ್ವೀಕರಿಸುವವರಿಗೆ ತಲುಪದಿದ್ದರೆ, ವಹಿವಾಟಿನ ದಿನದ ನಂತರ 5 ದಿನಗಳೊಳಗೆ ಅದು ತಾನಾಗಿಯೇ ಖಾತೆಗೆ ಮರಳಬೇಕು. ವಿಳಂಬವಾದ ಪ್ರತಿ ದಿನಕ್ಕೆ ರೂ. 100 ಪರಿಹಾರ ಸಲ್ಲುತ್ತದೆ. ದೂರನ್ನು ಮೊದಲು ಬ್ಯಾಂಕಿಗೆ ಲಿಖಿತವಾಗಿ ನೀಡತಕ್ಕದ್ದು. 30 ದಿನಗಳಲ್ಲಿ ಉತ್ತರ ಬಾರದಿದ್ದಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಅವರಿಗೆ ಸಲ್ಲಿಸಬಹುದು.

ದೂರಿನಲ್ಲಿ ಉಲ್ಲೇಖ ಸಂಖ್ಯೆ, ಬ್ಯಾಂಕಿನ ವಹಿವಾಟು ಸಂಖ್ಯೆ, ದಿನಾಂಕ ಮತ್ತು ಮೊತ್ತವನ್ನು ನಮೂದಿಸಿದರೆ ಸಾಕು. ಓಟಿಪಿ ಮತ್ತು ಗುಪ್ತ ಸಂಖ್ಯೆಯನ್ನು ಯಾರು ಕೇಳಿದರೂ ನೀಡತಕ್ಕದ್ದಲ್ಲ.