ಒಣಚರ್ಮಕ್ಕೆ ಹಾಲಿನ ಸಾಬೂನು

ದೆಹಲಿಯ ಚಳಿಗಾಲದಲ್ಲಿ ಚರ್ಮ ಬಿರಿಯುವುದು ಇಲ್ಲಿನ ಕನ್ನಡಿಗರಿಗೆ ಹೊಸ ಅನುಭವವಲ್ಲ. ಕಡಲೆಹಿಟ್ಟು, ಹಾಲಿನ ಕೆನೆಗಳಿಗೆ ಬಿಡುವಿಲ್ಲದವರು ಹಾಲಿನ ಸಾಬೂನನ್ನು ಮನೆಯಲ್ಲಿಯೇ ತಯಾರಿಸಿಕೊಳ್ಳಬಹುದು.

ಆಲಿವ್ ಎಣ್ಣೆ 300 ಗ್ರಾಂ, ಕೊಬ್ಬರಿ ಎಣ್ಣೆ 150 ಗ್ರಾಂ, ಹರಳೆಣ್ಣೆ 50 ಗ್ರಾಂ, ಹಾಲು 160 ಗ್ರಾಂ, ಶುದ್ಧ ಕಾಸ್ಟಿಕ್ ಸೋಡಾ 70 ಗ್ರಾಂ. ಎಲ್ಲವನ್ನೂ ತೂಗಿಯೇ ತೆಗೆದುಕೊಳ್ಳತಕ್ಕದ್ದು. ಲೋಟದ ಅಳತೆ ಇಲ್ಲಿ ಸಲ್ಲದು. ಈ ಪ್ರಮಾಣದಲ್ಲಿ ಶೇಕಡಾ 6ರಷ್ಟು ಎಣ್ಣೆ ಸಾಬೂನಾಗದೆ ಉಳಿಯುತ್ತದೆ. ಒಣಚರ್ಮಕ್ಕೆ ಹಿತವೆನಿಸುವುದು ಮುಖ್ಯವಾಗಿ ಈ ಎಣ್ಣೆ ಹಾಗೂ ಸಾಬೂನಿನಲ್ಲಿ ಉಳಿಯುವ ಗ್ಲಿಸರಿನ್. ಹಾಲಿನ ಪಾಲು ನಾವು ನಂಬಿರುವುದಕ್ಕಿಂತ ಕಡಿಮೆಯೇ.

ಕಾಸ್ಟಿಕ್ ಸೋಡಾ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ. ಕೈಗವಸು, ಕನ್ನಡಕ ಧರಿಸಿ, ಕಿಟಕಿ ತೆರೆದಿಟ್ಟು, ಮಕ್ಕಳನ್ನು ದೂರವಿರಿಸಿರಿ. ಅಲ್ಯುಮಿನಿಯಂ ಪಾತ್ರೆ ಕೂಡದು. ಸೋಡಾ ಅದನ್ನು ತಿನ್ನುತ್ತದೆ. ಸಿಡಿದರೆ ಕೂಡಲೇ ಧಾರಾಳ ನೀರಿನಿಂದ ತೊಳೆಯಬೇಕು. ಕಣ್ಣಿಗೆ ತಗುಲಿದರೆ ತೊಳೆದು ವೈದ್ಯರಲ್ಲಿಗೆ ಧಾವಿಸಬೇಕು.

ಹಾಲನ್ನು ಫ್ರೀಜರಿನಲ್ಲಿ ಗಟ್ಟಿಯಾಗಿಸಿ, ಸ್ಟೀಲ್ ಪಾತ್ರೆಯಲ್ಲಿಟ್ಟು, ಸೋಡಾವನ್ನು ಸ್ವಲ್ಪಸ್ವಲ್ಪವಾಗಿ ಅದಕ್ಕೆ ಉದುರಿಸಿರಿ. ಸೋಡಾದ ಮೇಲೆ ಹಾಲು ಸುರಿಯಲೇಬಾರದು. ತಣ್ಣನೆಯ ಹಾಲನ್ನೇ ಬಳಸುವುದೇಕೆಂದರೆ, ಸೋಡಾದ ಕಾವಿಗೆ ಹಾಲಿನ ಸಕ್ಕರೆ ಕಂದಿ ಕಮಟು ವಾಸನೆ ಬರುತ್ತದೆ. ಪೂರ್ತಿ ಕರಗಿದ ಮೇಲೆ ಎಣ್ಣೆಗಳಿಗೆ ಬೆರೆಸಿ, ದೋಸೆಹಿಟ್ಟಿನ ಹದಕ್ಕೆ ಬರುವವರೆಗೆ ಕಡೆದು, ಬೆಣ್ಣೆಕಾಗದ ಹಾಸಿದ ಅಚ್ಚಿಗೆ ಹೊಯ್ಯಬೇಕು. ಎರಡು ದಿನಗಳ ನಂತರ ಕೈಗವಸು ಧರಿಸಿಯೇ ಕತ್ತರಿಸಿ, ಗಾಳಿಯಾಡುವೆಡೆ 4ರಿಂದ 6 ವಾರ ಒಣಗಿಸತಕ್ಕದ್ದು.

ಯಾವುದೇ ಸಾಬೂನಿನಂತೆ ಇದೂ ಕ್ಷಾರವೇ. ಇಸುಬು ಇರುವವರು, ಚರ್ಮ ಒಡೆದು ರಕ್ತ ಜಿನುಗುವವರು ಇದನ್ನು ನೆಚ್ಚದೆ ವೈದ್ಯರನ್ನು ಕಾಣುವುದು ಲೇಸು. ಉಳಿದವರು ಡಿಸೆಂಬರಿನ ಚಳಿಗೆ ಬೇಕೆಂದರೆ ಅಕ್ಟೋಬರಿನಲ್ಲಿಯೇ ತಯಾರಿಸಿಡಬೇಕು.